ಟಿಸಿಯಲ್ಲಿ ಬರೆಯದೆ ಉಳಿಯುವುದು

(ಹಾಸನದಲ್ಲಿ ಶಾಲಾ ಶಿಕ್ಷಕರು ಮತ್ತು ಸೈನಿಕ ಕುಟುಂಬದವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಬಂದಿದ್ದ ಪುನರುಕ್ತಿಗಳನ್ನು ಇಲ್ಲಿ ಬಿಟ್ಟಿದ್ದೇನೆ.)

ಮಾನ್ಯ ಶಿಕ್ಷಕ ಬಂಧುಗಳೇ, ಪೋಷಕರೇ,

ಶಾಲೆಯ ಕಚೇರಿಗೆ ಸೈನಿಕರ ಪತ್ನಿಯೊಬ್ಬರು ಮಗುವಿನ ಕೈ ಹಿಡಿದು ಬಂದರೆ, ಅವರ ಇನ್ನೊಂದು ಕೈಯಲ್ಲಿ ಗುಂಡಿ ಹಾಕುವ ಪ್ಲಾಸ್ಟಿಕ್ ಫೈಲೊಂದು ಇದ್ದೇ ಇರುತ್ತದೆ. ಅದರೊಳಗೆ ಏನೇನಿದೆ ಎಂಬುದನ್ನು ನಾನು ತೆರೆಯದೆಯೇ ಹೇಳಬಲ್ಲೆ. 17 ವರ್ಷ ಅಂಥದೊಂದು ಫೈಲನ್ನು ನಾನೂ ಹೊತ್ತು ತಿರುಗಿದ್ದೇನೆ. ಹಿಂದಿನ ಶಾಲೆಯ ವರ್ಗಾವಣೆ ಪತ್ರ ಅಂದರೆ ಟಿಸಿ, ಅದಕ್ಕೂ ಹಿಂದಿನ ಎರಡು ಶಾಲೆಗಳ ಟಿಸಿಯ ಜೆರಾಕ್ಸ್, ಅಂಕಪಟ್ಟಿಗಳು, ಜನನ ಪ್ರಮಾಣಪತ್ರ, ಆಧಾರ್, ಲಸಿಕೆಯ ಕಾರ್ಡು, ಪತಿಯ ಪೋಸ್ಟಿಂಗ್ ಆದೇಶದ ಪ್ರತಿ, ಮಗುವಿನ ಹೆಸರು ಸೇನೆಯ ದಾಖಲೆಗೆ ಸೇರಿದೆ ಎಂದು ತೋರಿಸುವ ‘ಪಾರ್ಟ್ ಟೂ ಆರ್ಡರ್’, ತಳದಲ್ಲೆಲ್ಲೋ ಅಂಟಿಕೊಂಡಿರುವ ನಾಲ್ಕಾರು ಪಾಸ್‌ಪೋರ್ಟ್ ಅಳತೆಯ ಫೋಟೊಗಳು. ಗುಮಾಸ್ತರು ಒಂದೊಂದನ್ನೇ ತೆಗೆದು, ಒಂದರಲ್ಲಿರುವ ಹೆಸರಿನ ಕಾಗುಣಿತವನ್ನು ಇನ್ನೊಂದರ ಜೊತೆ ತಾಳೆ ನೋಡುತ್ತಾರೆ. ಅಷ್ಟು ಹೊತ್ತೂ ಮಗು ಮೇಜಿನ ಅಂಚಿಗೆ ಗದ್ದವಿಟ್ಟು ನಿಂತಿರುತ್ತದೆ. ಅದನ್ನು ಯಾರೂ ಏನೂ ಕೇಳುವುದಿಲ್ಲ.

ಆ ಫೈಲಿನಲ್ಲಿ ಇಲ್ಲದ ಸಂಗತಿಗಳ ಬಗ್ಗೆ ಮಾತನಾಡಲು ನಾನು ಇಲ್ಲಿ ನಿಂತಿದ್ದೇನೆ. ನನ್ನ ಪತಿ ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದರು. ಅವರ ಹಿಂದೆ ಜಬಲ್‌ಪುರ, ಪಠಾಣ್‌ಕೋಟ್, ತೇಜ್‌ಪುರ ಎಂದು ತಿರುಗುತ್ತ ನಾನು ಸಿಕ್ಕಿದ ಶಾಲೆಗಳಲ್ಲಿ ಪಾಠ ಮಾಡಿದೆ, ಆಮೇಲೆ ಬೆಂಗಳೂರಿನಲ್ಲಿ ಬೇರೆ ರಾಜ್ಯಗಳಿಂದ ಬಂದ ಸೈನಿಕರ ಮಕ್ಕಳಿಗೆ ಕನ್ನಡ ಕಲಿಸಿದೆ. ಹಾಗಾಗಿ ಕಚೇರಿಯ ಆ ಮೇಜಿನ ಎರಡೂ ಬದಿಯಲ್ಲಿ ನಾನು ಇದ್ದವಳು. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾಗಿ ಅರ್ಥವಾದದ್ದು ಒಂದೇ. ಹೊಸದಾಗಿ ಬಂದ ಮಗುವಿಗೆ ಏನು ಬರುವುದಿಲ್ಲ ಎಂದು ಕಂಡುಹಿಡಿಯಲು ನಾವು ಮೊದಲ ದಿನವೇ ಹೊರಡುತ್ತೇವೆ. ಅದು ಬೇರೆ ಊರಿನಲ್ಲಿ, ಬೇರೆ ಕ್ರಮದಲ್ಲಿ ಕಲಿತು ತಂದದ್ದು ಏನು ಎಂದು ಕೇಳುವುದು ನಮಗೆ ಹೊಳೆಯುವುದೇ ಇಲ್ಲ. ಕಲಿಯದೆ ಬಿಟ್ಟದ್ದು ಬೇರೆ, ಬೇರೆ ರೀತಿಯಲ್ಲಿ ಕಲಿತದ್ದು ಬೇರೆ. ಇವೆರಡನ್ನೂ ಒಂದೇ ಕೆಂಪು ಶಾಯಿಯಲ್ಲಿ ಗುರುತಿಸುವುದರಿಂದಲೇ ಮಗುವಿನ ಹೆಚ್ಚಿನ ಸಂಕಟ ಹುಟ್ಟುತ್ತದೆ.

ಸೇನೆಯ ಬದುಕಿನ ಲೆಕ್ಕಾಚಾರ ಪರಿಚಯವಿಲ್ಲದ ಶಿಕ್ಷಕರಿಗಾಗಿ ಒಂದೆರಡು ಮಾತು. ಸೈನಿಕರ ನೆಲೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಕುಟುಂಬವನ್ನು ಕರೆದೊಯ್ಯಬಹುದಾದ ಊರನ್ನು ‘ಪೀಸ್ ಸ್ಟೇಷನ್’ ಎನ್ನುತ್ತಾರೆ, ಕರೆದೊಯ್ಯಲಾಗದ ಗಡಿಯ ಜಾಗವನ್ನು ‘ಫೀಲ್ಡ್’ ಎನ್ನುತ್ತಾರೆ. ಪೀಸ್‌ನಿಂದ ಪೀಸ್‌ಗೆ ಹೋದರೆ ಮನೆಯವರೆಲ್ಲ ಒಟ್ಟಿಗೆ ಹೊರಡುತ್ತಾರೆ. ಫೀಲ್ಡ್‌ಗೆ ಹೋದರೆ ಪತ್ನಿ ಮತ್ತು ಮಕ್ಕಳು ಇದ್ದ ಊರಿನಲ್ಲೇ ಪ್ರತ್ಯೇಕ ಕ್ವಾರ್ಟರ್ಸ್ ಸಿಕ್ಕರೆ ಉಳಿಯುತ್ತಾರೆ, ಇಲ್ಲವೇ ಸ್ವಂತ ಊರಿಗೆ ಮರಳುತ್ತಾರೆ. ಪೋಸ್ಟಿಂಗ್ ಆದೇಶಕ್ಕೆ ಶಾಲೆಯ ಕ್ಯಾಲೆಂಡರ್ ಗೊತ್ತಿಲ್ಲ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳ ಬಾಗಿಲು ತೆರೆಯುವುದು ಮೇ ಕೊನೆಗೆ ಇಲ್ಲವೇ ಜೂನ್‌ಗೆ. ಈ ಅಂತರದಲ್ಲಿ ಕೆಲವು ಮಕ್ಕಳು ಒಂದೇ ಪಾಠವನ್ನು ಎರಡು ಸಲ ಕೇಳುತ್ತಾರೆ, ಮತ್ತೆ ಕೆಲವರು ಒಂದು ಅಧ್ಯಾಯವನ್ನು ಯಾವ ಊರಿನಲ್ಲಿಯೂ ಕೇಳದೆ ಮುಂದಿನ ತರಗತಿಗೆ ಹೋಗಿಬಿಡುತ್ತಾರೆ.

ಕಾನೂನಿನ ವಿಷಯವನ್ನು ಪೋಷಕರು ತಿಳಿದಿರುವುದು ಒಳ್ಳೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ಹೋಗಬೇಕಾದ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಆ ಪತ್ರ ಬರುವುದು ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಸೇರಿಸಿಕೊಳ್ಳುವುದನ್ನು ಮುಂದೂಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ದಾಖಲಾತಿಯ ಅವಧಿ ಮುಗಿದ ಮೇಲೆ ಬಂದ ಮಗುವನ್ನೂ ವಾಪಸು ಕಳಿಸಬಾರದು ಎಂದು 15ನೇ ಸೆಕ್ಷನ್ ಹೇಳುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಈ ವರ್ಗಾವಣೆಯ ಹಕ್ಕು ಎಂಟನೇ ತರಗತಿಯವರೆಗಿನದು, ಅದೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅನ್ವಯಿಸುವಂಥದು; ಅನುದಾನರಹಿತ ಖಾಸಗಿ ಶಾಲೆಗಳೂ ಕೇಂದ್ರೀಯ ವಿದ್ಯಾಲಯದಂಥ ವಿಶೇಷ ವರ್ಗದ ಶಾಲೆಗಳೂ ಅದರ ಹೊರಗಿವೆ. ಇನ್ನು ಒಂಬತ್ತು ಮತ್ತು ಹತ್ತನೇ ತರಗತಿಗಳನ್ನು ಸಿಬಿಎಸ್‌ಇ ಎರಡು ವರ್ಷದ ಒಂದೇ ವ್ಯಾಸಂಗವೆಂದು ಪರಿಗಣಿಸುವುದರಿಂದ, ಹತ್ತಕ್ಕೆ ನೇರವಾಗಿ ಸೇರಲು ಪೋಷಕರ ವರ್ಗಾವಣೆಯಂಥ ಕಾರಣವನ್ನು ದಾಖಲೆ ಸಮೇತ ತೋರಿಸಿ ಮಂಡಳಿಯ ಅನುಮತಿ ಪಡೆಯಬೇಕು. ಮಗು ಎಂಟನೇ ತರಗತಿಯಲ್ಲಿರುವಾಗಲೇ ಮುಂದಿನ ಪೋಸ್ಟಿಂಗ್ ಎಲ್ಲಿಗಿರಬಹುದು ಎಂದು ಸೈನಿಕರ ಮನೆಗಳಲ್ಲಿ ರಾತ್ರಿಯೆಲ್ಲ ಚರ್ಚೆ ನಡೆಯುವುದು ಇದೇ ಕಾರಣಕ್ಕೆ.

ಅಮೆರಿಕದಲ್ಲಿ ಪ್ರತಿ ರಾಜ್ಯದ ಶಿಕ್ಷಣ ನಿಯಮವೂ ಬೇರೆ ಬೇರೆಯಾಗಿರುವುದರಿಂದ, ಸೈನಿಕರ ಮಕ್ಕಳಿಗಾಗಿಯೇ ರಾಜ್ಯಗಳ ನಡುವೆ ಒಂದು ಒಡಂಬಡಿಕೆ 2008ರಲ್ಲಿ ಜಾರಿಗೆ ಬಂತು. 2014ರ ಹೊತ್ತಿಗೆ 50 ರಾಜ್ಯಗಳೂ ಅದಕ್ಕೆ ಸೇರಿದವು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ನಿಯಮಗಳು. ಅಧಿಕೃತ ದಾಖಲೆ ಬರುವವರೆಗೆ, ತಂದೆ ತಾಯಿ ಕೈಯಲ್ಲಿ ತಂದ ಅನಧಿಕೃತ ಪ್ರತಿಯನ್ನೇ ನಂಬಿ ಮಗುವನ್ನು ತರಗತಿಗೆ ಸೇರಿಸಬೇಕು ಎಂಬುದು ಒಂದು. ಹಿಂದಿನ ಶಾಲೆ ಮಗುವನ್ನು ಯಾವ ಮಟ್ಟದ ಪಾಠಕ್ಕೆ ಹಾಕಿತ್ತೋ ಅದೇ ಮಟ್ಟದಲ್ಲಿ ಮೊದಲು ಕೂರಿಸಬೇಕು, ಪರೀಕ್ಷೆ ಮಾಡುವುದಿದ್ದರೆ ಆಮೇಲೆ ಮಾಡಬಹುದು ಎಂಬುದು ಇನ್ನೊಂದು. ಮೊದಲು ಕೂರಿಸು, ಆಮೇಲೆ ಪರೀಕ್ಷಿಸು. ನಮ್ಮಲ್ಲಿ ಅನೇಕ ಖಾಸಗಿ ಶಾಲೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು: ಎರಡು ದಿನ ರೈಲಿನಲ್ಲಿ ಕೂತು ಬಂದು, ಸಾಮಾನಿನ ಲಾರಿ ಇನ್ನೂ ದಾರಿಯಲ್ಲಿರುವಾಗಲೇ, ಮಗು ಪ್ರವೇಶ ಪರೀಕ್ಷೆಯ ಹಾಳೆಯ ಮುಂದೆ ಕೂರಬೇಕಾಗುತ್ತದೆ. ಆ ಹಾಳೆಯಲ್ಲಿ ಬಂದ ಅಂಕ ಮಗುವಿನದಲ್ಲ, ರೈಲು ಪ್ರಯಾಣದ್ದು.

ಗುಮಾಸ್ತರು ಹೆಸರಿನ ಕಾಗುಣಿತ ತಾಳೆ ನೋಡುತ್ತಾರೆ ಎಂದೆನಲ್ಲ, ಅದು ಸಣ್ಣ ವಿಷಯವಲ್ಲ. ನಮ್ಮ ಕಡೆಯ ಮಕ್ಕಳ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ. ಉತ್ತರದ ಶಾಲೆಗಳ ಅರ್ಜಿಯಲ್ಲಿ ಕೊನೆಯ ಹೆಸರಿನ ಖಾನೆಯನ್ನು ಖಾಲಿ ಬಿಡುವಂತಿಲ್ಲ. ನನ್ನ ಮಗನ ಹೆಸರಿನ ಮುಂದಿದ್ದ ‘ಎಚ್’ ಎಂದರೆ ಹಾರನಹಳ್ಳಿ, ನಮ್ಮ ಮನೆಯವರ ಊರು. ಒಂದು ಶಾಲೆಯಲ್ಲಿ ಆ ಊರೇ ಅವನ ಅಡ್ಡಹೆಸರಾಯಿತು, ಮುಂದಿನ ಶಾಲೆಯಲ್ಲಿ ಅಪ್ಪನ ಹೆಸರು ಅಡ್ಡಹೆಸರಾಯಿತು, ಮೂರನೆಯದರಲ್ಲಿ ಎರಡೂ ಸೇರಿದವು. ಮನೆತನದ ಹೆಸರನ್ನು ಮೊದಲಿಗೆ ಇಟ್ಟುಕೊಳ್ಳುವ ಕೊಡವ ಕುಟುಂಬಗಳ ಪಾಡು ಇನ್ನೂ ಗೋಜಲಿನದು. ಜನನ ಪ್ರಮಾಣಪತ್ರ, ಆಧಾರ್, ಪಾರ್ಟ್ ಟೂ ಆರ್ಡರ್ ಈ ಮೂರರಲ್ಲಿಯೂ ಹೆಸರು ಒಂದೇ ಥರ ಇರುವಂತೆ ಮಗು ಒಂದನೇ ತರಗತಿಗೆ ಸೇರುವ ಮೊದಲೇ ಸರಿಪಡಿಸಿಕೊಳ್ಳಿ. ಹತ್ತನೇ ತರಗತಿಯ ನೋಂದಣಿಯ ಹೊತ್ತಿಗೆ ಅದಕ್ಕಾಗಿ ಓಡಾಡುವುದು ಯಾರಿಗೂ ಬೇಡ. ಹಾಜರಿ ಕರೆಯುವ ಶಿಕ್ಷಕರಿಗೆ ನನ್ನ ಕೋರಿಕೆ ಇಷ್ಟೇ: ದಾಖಲೆಯಲ್ಲಿ ಏನೇ ಇರಲಿ, ನಿನ್ನನ್ನು ಏನೆಂದು ಕರೆಯಲಿ ಎಂದು ಮೊದಲ ದಿನ ಮಗುವನ್ನೇ ಕೇಳಿ.

ಮಕ್ಕಳ ಈ ಅಲೆದಾಟಕ್ಕೆ ನಮ್ಮ ದೇಶ ಏನೂ ಮಾಡಿಲ್ಲ ಎನ್ನುವುದು ಅನ್ಯಾಯದ ಮಾತು. ರೆಜಿಮೆಂಟುಗಳು ನಡೆಸುತ್ತಿದ್ದ 20 ಶಾಲೆಗಳನ್ನು 1963ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡದ್ದರಿಂದಲೇ ಕೇಂದ್ರೀಯ ವಿದ್ಯಾಲಯಗಳ ಕಥೆ ಶುರುವಾಯಿತು. ಈಗ ಅವು 1,250ಕ್ಕೂ ಹೆಚ್ಚಿವೆ. 1983ರಲ್ಲಿ ಸ್ಥಾಪನೆಯಾದ ಸೇನಾ ಕಲ್ಯಾಣ ಶಿಕ್ಷಣ ಸಂಸ್ಥೆಯಡಿ 130ಕ್ಕೂ ಹೆಚ್ಚು ಆರ್ಮಿ ಪಬ್ಲಿಕ್ ಶಾಲೆಗಳು ನಡೆಯುತ್ತಿವೆ. ವಾಯುಪಡೆಗೂ ನೌಕಾಪಡೆಗೂ ಅವುಗಳದೇ ಶಾಲೆಗಳಿವೆ. ಕೇಂದ್ರೀಯ ವಿದ್ಯಾಲಯದ ದೊಡ್ಡ ಉಪಕಾರ ಎಲ್ಲ ಊರುಗಳಲ್ಲೂ ಒಂದೇ ಇರುವ ಎನ್‌ಸಿಇಆರ್‌ಟಿ ಪುಸ್ತಕ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡದು ಬೆಳಗಿನ ಪ್ರಾರ್ಥನೆ. ಪಠಾಣ್‌ಕೋಟ್‌ನಿಂದ ತೇಜ್‌ಪುರಕ್ಕೆ ಹೋದ ಮೊದಲ ದಿನ, ಒಂದು ಮುಖದ ಪರಿಚಯವೂ ಇಲ್ಲದ ಮೈದಾನದಲ್ಲಿ ನನ್ನ ಮಗ ಸಾಲಿನ ಕೊನೆಯಲ್ಲಿ ನಿಂತಿದ್ದ. ‘ಅಸತೋ ಮಾ ಸದ್ಗಮಯ’ ಶುರುವಾದಾಗ ಅವನ ಭುಜ ಸಡಿಲವಾದದ್ದನ್ನು ಗೇಟಿನ ಹೊರಗಿನಿಂದ ನಾನು ಕಂಡೆ. ಅವನಿಗೆ ಆ ಊರಿನಲ್ಲಿ ಗೊತ್ತಿದ್ದದ್ದು ಅದೊಂದೇ. ಮಧ್ಯಾಹ್ನ ಬಂದು, ಅಲ್ಲಿಯೂ ಶಿವಾಜಿ, ಟ್ಯಾಗೋರ್, ಅಶೋಕ, ರಾಮನ್ ಎಂಬ ನಾಲ್ಕೇ ಹೌಸ್‌ಗಳು, ತಾನು ಇಲ್ಲಿಯೂ ರಾಮನ್ ಹೌಸ್ ಎಂದು, ದೊಡ್ಡ ಬಂಧುವೊಬ್ಬರು ಸಿಕ್ಕಿದವನಂತೆ ಹೇಳಿದ.

ಆದರೆ ಎಲ್ಲರಿಗೂ ಕೇಂದ್ರೀಯ ವಿದ್ಯಾಲಯ ಸಿಗುವುದಿಲ್ಲ, ಸಿಕ್ಕರೂ ಕರ್ನಾಟಕಕ್ಕೆ ಬಂದ ಮಕ್ಕಳಿಗೆ ಕನ್ನಡದ ಪ್ರಶ್ನೆ ಉಳಿದೇ ಇರುತ್ತದೆ. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ) ಸೇನಾ ಕೇಂದ್ರ, ಜಾಲಹಳ್ಳಿ ಮತ್ತು ಬೀದರಿನ ವಾಯುನೆಲೆಗಳು, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ, ಕಾರವಾರದ ಕದಂಬ ನೌಕಾನೆಲೆ ಇವೆಲ್ಲಕ್ಕೂ ದೇಶದ ಮೂಲೆಮೂಲೆಗಳಿಂದ ಕುಟುಂಬಗಳು ಬರುತ್ತವೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಮೇಲೆ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸುವುದು ಕಡ್ಡಾಯವಾಯಿತು. ಕಾಯ್ದೆ ಬಂದದ್ದು ಸರಿಯೇ. ಆದರೆ ನಾಲ್ಕನೇ ತರಗತಿಗೆ ಬಂದ ಮಗುವಿಗೆ ಅ, ಆ, ಇ, ಈ ಇಂದ ಹೇಗೆ ಶುರು ಮಾಡಬೇಕು ಎಂಬುದನ್ನು ಯಾವ ಕಾಯ್ದೆಯೂ ಹೇಳಿಕೊಡುವುದಿಲ್ಲ. ಅದನ್ನು ನನಗೆ ಕಲಿಸಿದವಳು ಹರಿಯಾಣದ ರೋಹ್ಟಕ್ ಕಡೆಯ ಒಬ್ಬ ಹುಡುಗಿ.

ಅವಳು ‘ಅಕ್ಕ’ ಎಂದು ಬರೆಯುವ ಕಡೆ ‘ಅಕ್‌ಕ’ ಎಂದೂ ‘ಅಮ್ಮ’ ಎಂದು ಬರೆಯುವ ಕಡೆ ‘ಅಮ್‌ಮ’ ಎಂದೂ ಅಕ್ಷರಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಬರೆಯುತ್ತಿದ್ದಳು. ಎರಡು ವಾರ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಒಂದು ದಿನ ‘ಸೂರ್ಯ’ ಎಂಬ ಪದದ ಮುಂದೆ ಕೂತು ಅವಳು ಪೆನ್ಸಿಲ್ ಕಚ್ಚುತ್ತಿದ್ದಳು. ಏನು ತೊಂದರೆ ಎಂದು ಕೇಳಿದ್ದಕ್ಕೆ, ‘ಮ್ಯಾಮ್, ನಾವು ಅರ್ಧ ರ ಅನ್ನು ಮುಂದಿನ ಅಕ್ಷರದ ತಲೆ ಮೇಲೆ ಕೂರಿಸುತ್ತೇವೆ, ನೀವೇಕೆ ಬಾಲಕ್ಕೆ ಕಟ್ಟುತ್ತೀರಿ?’ ಎಂದು ಹಿಂದಿಯಲ್ಲಿ ಕೇಳಿದಳು. ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಅರ್ಕಾವೊತ್ತನ್ನು ಉಚ್ಚಾರದಲ್ಲಿ ಮೊದಲು ಹೇಳಿ ಬರವಣಿಗೆಯಲ್ಲಿ ಕೊನೆಗೆ ಹಾಕುತ್ತೇವೆ ಎಂಬ ವಿಚಿತ್ರವನ್ನು, ಹುಟ್ಟಿನಿಂದ ಕನ್ನಡ ಓದಿದ ನನ್ನ ಬೇರೆ 30 ಮಕ್ಕಳಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಈ ಹುಡುಗಿಗೆ ಸಂಯುಕ್ತಾಕ್ಷರ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಅವಳಿಗೆ ಅದು ನನಗಿಂತ ಬಿಡಿಸಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನಮ್ಮಲ್ಲಿ ಎರಡನೆಯ ಅಕ್ಷರ ಮೊದಲನೆಯದರ ಕೆಳಗೆ ಇಳಿಯುತ್ತದೆ ಎಂಬ ಒಂದು ಪದ್ಧತಿ ಮಾತ್ರ.

ಆ ದಿನದಿಂದ ನಾನು ಹಲಗೆಯ ಮೇಲೆ ಎರಡು ವರ್ಣಮಾಲೆಗಳನ್ನು ಪಕ್ಕಪಕ್ಕದಲ್ಲಿ ಬರೆಯತೊಡಗಿದೆ. ಕ ಖ ಗ ಘ ಙ ಎಂಬ ಸಾಲು ದೇವನಾಗರಿಯಲ್ಲಿ ಹೇಗಿದೆಯೋ ಕನ್ನಡದಲ್ಲಿಯೂ ಹಾಗೇ ಇದೆ ಎಂದು ಕಂಡಾಗ ಮಕ್ಕಳಿಗೆ ಆಗುವ ಸಮಾಧಾನ ನೋಡುವಂಥದು. ಆಮೇಲೆ ನಿಜವಾಗಿ ಹೊಸದಾದದ್ದು ಯಾವುದು ಎಂದು ತಾವೇ ಹುಡುಕುತ್ತಾರೆ. ಹಿಂದಿಯಲ್ಲಿ ಎ, ಏ ಎಂಬ ಭೇದವಿಲ್ಲ; ಒ, ಓ ಎಂಬುದೂ ಇಲ್ಲ. ಹಾಗಾಗಿಯೇ ಈ ಹುಡುಗಿ ಪ್ರಬಂಧ ಓದುತ್ತ ‘ನಮ್ಮ ಊರಿನ ಕೇರೆಯಲ್ಲಿ ನೀರು ತುಂಬಿದೆ’ ಎಂದಳು, ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೇರೆ ಎಂದರೆ ಹಾವು ಎಂದು ತಿಳಿಸಿದ ಮೇಲೆ ಅವಳೂ ನಕ್ಕಳು, ಕೆರೆಗೂ ಕೇರೆಗೂ ಇರುವ ಅಂತರವನ್ನು ಮತ್ತೆಂದೂ ಮರೆಯಲಿಲ್ಲ. ಇನ್ನೊಂದು ಕಡೆ, ಹಿಂದಿಯವರಿಗೆ ಬಾರದು ಎಂದು ನಾವು ಮೊದಲೇ ತೀರ್ಮಾನಿಸಿಕೊಂಡಿರುವ ‘ಳ’ ಅವಳ ಬಾಯಲ್ಲಿ ಸಲೀಸಾಗಿ ಬಂತು, ಏಕೆಂದರೆ ಅವಳ ಮನೆಮಾತಾದ ಹರಿಯಾಣವಿಯಲ್ಲಿ ಆ ಧ್ವನಿ ಇದೆ. ಮರಾಠಿಯಲ್ಲಿ, ಪಂಜಾಬಿಯಲ್ಲಿ, ರಾಜಸ್ಥಾನದ ಮಾತುಗಳಲ್ಲಿಯೂ ಇದೆ. ಎಲ್ಲರನ್ನೂ ‘ಹಿಂದಿಯವರು’ ಎಂದು ಒಂದೇ ಚೀಲಕ್ಕೆ ತುಂಬುವ ಶಿಕ್ಷಕರು ಇಂಥ ಸುಲಭದ ದಾರಿಗಳನ್ನು ಕಳೆದುಕೊಳ್ಳುತ್ತಾರೆ.

ಇದೇ ಕಷ್ಟ ನಮ್ಮ ಮಕ್ಕಳಿಗೆ ಅತ್ತ ಕಡೆ ಎದುರಾಗುತ್ತದೆ. ‘ಅಮ್ಮಾ, ರೋಟಿ ಹೆಣ್ಣಂತೆ, ಚಾವಲ್ ಗಂಡಂತೆ, ಇದನ್ನೆಲ್ಲ ಯಾರು ನೋಡಿ ಹೇಳಿದ್ದು?’ ಎಂದು ನನ್ನ ಮಗ ಊಟಕ್ಕೆ ಕೂತಾಗ ಕೇಳಿದ್ದ. ಅವನ ಹಿಂದಿ ಶಿಕ್ಷಕಿಗೆ ನಾನು ಒಮ್ಮೆ, ಕನ್ನಡದಲ್ಲಿ ಜೀವವಿಲ್ಲದ ವಸ್ತುಗಳೆಲ್ಲ ನಪುಂಸಕ ಲಿಂಗ ಎಂದು ವಿವರಿಸಿದೆ. ಅವರು ಅರೆಗಳಿಗೆ ಯೋಚಿಸಿ, ‘ನಿಮ್ಮ ಭಾಷೆಯೇ ಹೆಚ್ಚು ಬುದ್ಧಿವಂತ ಭಾಷೆ’ ಎಂದರು. ಮರುದಿನದಿಂದ ಅವನ ತಪ್ಪುಗಳಿಗೆ ಬೈಗುಳ ನಿಂತಿತು.

ಇಷ್ಟಾದರೂ, ಹೊರನಾಡಿಗೆ ಹೋದ ಮಗುವಿಗಿಂತ ಸ್ವಂತ ಊರಿಗೆ ಮರಳಿದ ಮಗುವಿನ ಪಾಡೇ ಕಠಿಣ ಎಂದು ನಾನು ಹೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಪಂಜಾಬಿನಲ್ಲಿ ನನ್ನ ಮಗಳು ಹೊಸಬಳು ಎಂದು ಎಲ್ಲರಿಗೂ ತಿಳಿದಿತ್ತು, ಬಾರದಿದ್ದರೆ ಹೇಳಿಕೊಡುತ್ತಿದ್ದರು. ಪತಿಗೆ ಫೀಲ್ಡ್ ಪೋಸ್ಟಿಂಗ್ ಬಂದು ನಾವು ಅರಸೀಕೆರೆ ಕಡೆಯ ನಮ್ಮತ್ತೆಯವರ ಊರಿಗೆ ಬಂದಾಗ ಅವಳು ಆರನೇ ತರಗತಿ. ಸೇರಿದ್ದು ರಾಜ್ಯ ಪಠ್ಯಕ್ರಮದ ಶಾಲೆ, ಪ್ರಥಮ ಭಾಷೆ ಕನ್ನಡ. ಮನೆಯಲ್ಲಿ ನಾವು ಸದಾ ಕನ್ನಡವನ್ನೇ ಆಡುತ್ತಿದ್ದುದರಿಂದ ಅವಳ ಮಾತು ಚೆನ್ನಾಗಿತ್ತು. ಆ ಮಾತೇ ಅವಳಿಗೆ ಮುಳುವಾಯಿತು. ಇಷ್ಟು ಚೆನ್ನಾಗಿ ಕನ್ನಡ ಮಾತನಾಡುವ ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಯಾರಾದರೂ ಏಕೆ ಸಂಶಯಪಡುತ್ತಾರೆ? ತರಗತಿಯಲ್ಲಿ ಅವಳು ಬಾಯಿ ಬಿಡದಿದ್ದಾಗ ‘ಮಿಲಿಟರಿಯವರ ಮಗಳು, ಸ್ವಲ್ಪ ಜಂಬ’ ಎಂಬ ಮಾತು ಬಂತು. ಮನೆಯಲ್ಲಿ ಅಜ್ಜಿ, ‘ನಮ್ಮ ರಕ್ತವಾಗಿ ನಮ್ಮ ಅಕ್ಷರ ಬಾರದೇನೇ’ ಎಂದು ಪ್ರೀತಿಯಿಂದಲೇ ಅನ್ನುತ್ತಿದ್ದರು. ಪ್ರೀತಿಯಿಂದ ಅಂದ ಮಾತು ಇನ್ನೂ ಆಳಕ್ಕೆ ನೆಡುತ್ತದೆ.

ಮೂರು ತಿಂಗಳು ಅವಳು ಏನು ಮಾಡಿದಳು ಗೊತ್ತೇ? ಪಕ್ಕದಲ್ಲಿ ಕೂರುವ ಹುಡುಗಿ ಪಾಠವನ್ನು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡು ಪೂರ್ತಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ತನ್ನ ಸರದಿ ಬಂದಾಗ ಸಾಲಿನ ಮೇಲೆ ಬೆರಳಿಟ್ಟು ಸರಿಸುತ್ತ ಒಪ್ಪಿಸಿಬಿಡುತ್ತಿದ್ದಳು. ಒಂದು ದಿನ ಪುಟದ ಕೊನೆ ಬಂದರೂ ಬೆರಳು ಪುಟ ತಿರುಗಿಸಲಿಲ್ಲ, ಮಾತು ಮಾತ್ರ ಮುಂದಿನ ಪುಟಕ್ಕೆ ಹೋಗಿತ್ತು. ಅದನ್ನು ಕಂಡ ಕನ್ನಡ ಮೇಷ್ಟರು ತರಗತಿಯೆದುರು ಏನೂ ಹೇಳದೆ, ಸಂಜೆ ನನಗೆ ಹೇಳಿ ಕಳಿಸಿದರು. ಅವರಿಗೆ ನಾನು ಈಗಲೂ ಋಣಿ. ಶಿಕ್ಷಕಿಯಾದ ನನಗೇ, ನನ್ನದೇ ಮನೆಯಲ್ಲಿ, ಅದು ತಿಳಿದಿರಲಿಲ್ಲ.

ಅವಳಿಗೆ ಓದು ಬಂದದ್ದು ಪುಸ್ತಕದಿಂದಲ್ಲ, ಬಸ್ಸಿನ ಬೋರ್ಡಿನಿಂದ. ಅವಳ ತಾತ ಪ್ರತಿ ಸಂಜೆ ಅವಳನ್ನು ಅರಸೀಕೆರೆ ಬಸ್ ನಿಲ್ದಾಣಕ್ಕೆ ಕರೆದೊಯ್ದು, ಬಂದ ಬಸ್ಸಿನ ಹಲಗೆ ಓದಿದರೆ ಒಂದು ಕಡಲೆಕಾಯಿ ಪೊಟ್ಟಣ ಎಂದು ಪಂಥ ಕಟ್ಟಿದರು. ಮೊದಲ ವಾರ ಕಡೂರು, ಬಾಣಾವರ. ಆಮೇಲೆ ತಿಪಟೂರು, ತುಮಕೂರು. ಶಿವಮೊಗ್ಗ, ಚಿಕ್ಕಮಗಳೂರಿನ ಒತ್ತಕ್ಷರಗಳಿಗೆ ಬರಲು ಇನ್ನೂ ಹತ್ತು ದಿನ. ಕೊನೆಗೆ ಹೊಸದುರ್ಗದ ಅರ್ಕಾವೊತ್ತು. ಆರನೇ ತರಗತಿಯ ಹುಡುಗಿಯ ಕೈಗೆ ಒಂದನೇ ತರಗತಿಯ ಪುಸ್ತಕ ಕೊಟ್ಟಿದ್ದರೆ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಬಸ್ಸಿನ ಬೋರ್ಡು ಯಾವ ತರಗತಿಯದೂ ಅಲ್ಲ. ಊರಿಗೆ ಮರಳಿದ ಮಕ್ಕಳಿಗೆ ವಯಸ್ಸಿಗೆ ಅವಮಾನವಾಗದ ಓದು ಬೇಕು. ಅಂಗಡಿಯ ಫಲಕ, ಮದುವೆಯ ಕರೆಯೋಲೆ, ಪತ್ರಿಕೆಯ ಕ್ರಿಕೆಟ್ ಪುಟದ ತಲೆಬರಹ, ಯಾವುದಾದರೂ ಆದೀತು.

ಶಾಲೆಯೊಳಗಿನ ಮೊದಲ ವಾರದ ಬಗ್ಗೆ ನನಗೆ ಕೆಲವು ಖಚಿತ ಅಭಿಪ್ರಾಯಗಳಿವೆ. ‘ಎದ್ದು ನಿಂತು ನಿನ್ನ ಪರಿಚಯ ಹೇಳು’ ಎನ್ನುವ ಪದ್ಧತಿಯನ್ನು ಕೈಬಿಡಿ. ಅದರ ಬದಲು ಮಗುವಿಗೆ ಒಂದು ಕೆಲಸ ಕೊಡಿ. ಹಾಜರಿ ಪುಸ್ತಕವನ್ನು ಕಚೇರಿಗೆ ಒಯ್ಯುವುದು, ಸೀಮೆಸುಣ್ಣ ತರುವುದು, ಇಂಥದೇನಾದರೂ. ಕೆಲಸವಿದ್ದವರಿಗೆ ದಾರಿ ತಿಳಿಯುತ್ತದೆ, ನಾಲ್ಕು ಜನ ಹೆಸರು ಹಿಡಿದು ಕರೆಯುತ್ತಾರೆ. ಜೊತೆಗಾರರನ್ನು ಗೊತ್ತುಮಾಡುವಾಗ ತರಗತಿಯ ಮೊದಲ ಸ್ಥಾನದ ವಿದ್ಯಾರ್ಥಿಯನ್ನು ಆರಿಸಬೇಡಿ, ಆ ಮಗುವಿಗೆ ತನ್ನ ಅಂಕದ ಚಿಂತೆಯೇ ಸಾಕಷ್ಟಿರುತ್ತದೆ. ಅದೇ ಬಸ್ಸಿನಲ್ಲಿ ಬರುವ, ಪಟಪಟ ಮಾತನಾಡುವ, ಪಾಠದಲ್ಲಿ ಅಷ್ಟೇನೂ ಮುಂದಿಲ್ಲದ ಮಗುವೇ ಉತ್ತಮ ಜೊತೆ. ಶಾಲೆಯ ಸೂಚನೆಗಳು ಕನ್ನಡದಲ್ಲಿ ಮಾತ್ರ ಹೋಗುತ್ತಿದ್ದರೆ ಉತ್ತರಾಖಂಡದಿಂದ ಬಂದ ತಾಯಿಗೆ ಅವು ತಲುಪುವುದಿಲ್ಲ. ದೂರವಾಣಿಯಲ್ಲಿ ಒಂದು ಧ್ವನಿ ಸಂದೇಶ ಕಳಿಸಿದರೆ ಆಕೆ ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಾಳೆ.

ಇನ್ನು ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ನಮ್ಮ ಯೋಧರ ವಾಹನದ ಮೇಲೆ ದಾಳಿಯಾದ ಮರುದಿನ, ಬೆಳಗಿನ ಸಭೆಯಲ್ಲಿ ಮೌನಾಚರಣೆ ಇತ್ತು. ನನ್ನ ತರಗತಿಯ ಹುಡುಗನೊಬ್ಬನ ತಂದೆ ಆಗ ಕಾಶ್ಮೀರದಲ್ಲಿದ್ದರು. ದೇಶಭಕ್ತಿಯ ಭಾವಾವೇಶದಲ್ಲಿ ನಾನು ಅವನನ್ನು ಮುಂದಕ್ಕೆ ಕರೆದು, ‘ಇವನ ಅಪ್ಪನೂ ಅಲ್ಲಿಯೇ ಇದ್ದಾರೆ, ಎಲ್ಲರೂ ಚಪ್ಪಾಳೆ ತಟ್ಟಿ’ ಎಂದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಆ ಹುಡುಗ ಮಧ್ಯಾಹ್ನದ ಊಟ ಮುಟ್ಟಲಿಲ್ಲ, ಮುಂದಿನ ಎರಡು ದಿನ ಶಾಲೆಗೆ ಬರಲಿಲ್ಲ. ಸೈನಿಕನ ಹೆಂಡತಿಯಾಗಿ, ಸುದ್ದಿ ಬಂದ ರಾತ್ರಿ ಫೋನು ಹತ್ತದೆ ಕೂರುವುದು ಏನೆಂದು ಬಲ್ಲ ನಾನೇ ಹಾಗೆ ಮಾಡಿದೆ. ನಾವು ಹೆಮ್ಮೆ ಎಂದುಕೊಂಡು ಆ ಮಗುವಿನ ಕೈಗೆ ಕೊಡುವುದು ಎಷ್ಟೋ ಸಲ ಭಯವೇ ಆಗಿರುತ್ತದೆ. ಅಂಥ ದಿನಗಳಲ್ಲಿ ಆ ಮಗುವಿಗೆ ಬೇಕಾದದ್ದು ಉಳಿದವರಿಗೆ ಇರುವಂಥದೇ ಗಣಿತದ ಪಿರಿಯಡ್, ಮತ್ತು ಅಮ್ಮನ ಫೋನು ಬಂದರೆ ಕೂಡಲೇ ಕರೆಯುತ್ತೇವೆ ಎಂಬ ಒಂದು ಮಾತು.

ತಂದೆ ರಜೆಗೆ ಬಂದ ದಿನಗಳ ಬಗೆಗೂ ಶಾಲೆ ಸ್ವಲ್ಪ ಸಡಿಲವಾಗಿರಬೇಕು. ಫೀಲ್ಡ್‌ನಲ್ಲಿರುವವರಿಗೆ ದಸರೆಗೋ ಬೇಸಿಗೆಗೋ ರಜೆ ಕೇಳಿದ ಹಾಗೆ ಸಿಗುವುದಿಲ್ಲ, ಯೂನಿಟ್ ಬಿಟ್ಟಾಗ ಬರಬೇಕು. ಏಳು ತಿಂಗಳ ಮೇಲೆ ಬಂದ ಅಪ್ಪನ ಜೊತೆ ಎರಡು ದಿನ ಇರಲು ಮಗು ಶಾಲೆ ತಪ್ಪಿಸಿದರೆ, ಹಾಜರಾತಿಯ ಲೆಕ್ಕದಲ್ಲಿ ಅದನ್ನು ಅಪರಾಧದಂತೆ ಕಾಣಬೇಡಿ. ಪೋಷಕರ ಸಭೆಯನ್ನು ಆ ರಜೆಯೊಳಗೆ ಅವರೊಬ್ಬರಿಗಾಗಿ ಹತ್ತು ನಿಮಿಷ ಇಟ್ಟುಕೊಂಡರೆ, ಆ ಅಪ್ಪ ಮಗುವಿನ ನೋಟ್‌ಬುಕ್ಕಿನ ಒಂದೊಂದು ಪುಟವನ್ನೂ ತಿರುಗಿಸಿ ನೋಡುವುದನ್ನು ನೀವು ಕಾಣುವಿರಿ.

ಈ ಅಲೆದಾಟವೇ ಬೇಡ, ವಸತಿ ಶಾಲೆಗೆ ಸೇರಿಸುತ್ತೇವೆ ಎಂಬ ಪೋಷಕರಿದ್ದಾರೆ. ಬೆಂಗಳೂರು ಮತ್ತು ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ, ವಿಜಯಪುರದಲ್ಲಿ 1963ರಿಂದಲೂ ಕೊಡಗಿನ ಕೂಡಿಗೆಯಲ್ಲಿ 2007ರಿಂದಲೂ ಸೈನಿಕ ಶಾಲೆಗಳಿವೆ. ಮಕ್ಕಳ ಶಿಕ್ಷಣ ಭತ್ಯೆಯಂತೆ ಹಾಸ್ಟೆಲ್ ವೆಚ್ಚಕ್ಕೂ ಸರ್ಕಾರದಿಂದ ಸಹಾಯಧನ ಸಿಗುತ್ತದೆ. ಕೆಲವು ಮಕ್ಕಳಿಗೆ ಅದು ಹೊಂದುತ್ತದೆ. ಅಪ್ಪ ದೂರವಿರುವ ಮನೆಯಿಂದ ಮಗುವನ್ನೂ ದೂರ ಕಳಿಸುವ ಮೊದಲು ಆ ಮಗುವಿನ ಅಭಿಪ್ರಾಯ ಕೇಳಿ ಎಂದಷ್ಟೇ ನಾನು ಹೇಳುವೆ.

ಪೋಷಕರಿಗೆ ಒಂದು ವಿನಂತಿ. ಮನೆ ಖಾಲಿ ಮಾಡುವಾಗ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಬೇಡಿ. ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಆ ಕಪ್ಪು ಟ್ರಂಕುಗಳಲ್ಲಿ ಪಾತ್ರೆ ಪಗಡಿಗೆ ಜಾಗವಿರುತ್ತದೆ, ಕಳೆದ ವರ್ಷದ ಗಣಿತದ ನೋಟ್‌ಬುಕ್ಕಿಗೆ ಇರುವುದಿಲ್ಲ. ಅಂಕಪಟ್ಟಿ ಹೊಸ ಶಿಕ್ಷಕರಿಗೆ 82 ಎಂದು ಹೇಳುತ್ತದೆ. ಭಾಗಾಕಾರವನ್ನು ಈ ಮಗು ಯಾವ ವಿಧಾನದಲ್ಲಿ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ನೋಟ್‌ಬುಕ್ಕು ಮಾತ್ರ ಹೇಳುತ್ತದೆ.

ಶಿಕ್ಷಕರಿಗೂ ಒಂದು ವಿನಂತಿ. ವರ್ಗಾವಣೆ ಪತ್ರದಲ್ಲಿ ಮಗುವಿನ ಬಗ್ಗೆ ನಾವು ಬರೆಯುವುದು ‘ನಡತೆ: ಉತ್ತಮ’ ಎಂಬ ಎರಡೇ ಪದ. ಕೊನೆಯ ಕೆಲವು ವರ್ಷಗಳಲ್ಲಿ ನಾನು, ಹೊರಟ ಪ್ರತಿ ಮಗುವಿನ ಫೈಲಿಗೆ ಒಂದು ಪುಟದ ಕಾಗದವನ್ನೂ ಸೇರಿಸುತ್ತಿದ್ದೆ, ಹಿಂದಿಯಲ್ಲೊಂದು ಪ್ರತಿ, ಇಂಗ್ಲಿಷಿನಲ್ಲೊಂದು ಪ್ರತಿ. ಬರೆಯಲು ಅರ್ಧ ಗಂಟೆ ಸಾಕು, ಯಾರ ಅನುಮತಿಯೂ ಬೇಕಿಲ್ಲ. ರೋಹ್ಟಕ್ ಕಡೆಯ ಆ ಹುಡುಗಿ ಎರಡು ವರ್ಷದ ಮೇಲೆ ಜೋಧ್‌ಪುರಕ್ಕೆ ಹೊರಟಾಗ ಬರೆದ ಕಾಗದದ ಪ್ರತಿ ನನ್ನ ಬಳಿ ಇದೆ. ಅದನ್ನೇ ಕನ್ನಡದಲ್ಲಿ ಓದಿ ನನ್ನ ಮಾತು ಮುಗಿಸುತ್ತೇನೆ.

‘ಈ ವಿದ್ಯಾರ್ಥಿನಿಗೆ ಭಿನ್ನರಾಶಿಯ ಪಾಠ ಮುಗಿದಿದೆ, ದಶಮಾಂಶ ಇನ್ನೂ ಆರಂಭವಾಗಿಲ್ಲ. ವಿಜ್ಞಾನದಲ್ಲಿ ಸಸ್ಯಗಳ ಅಧ್ಯಾಯವನ್ನು ಎರಡು ಶಾಲೆಗಳಲ್ಲಿ ಎರಡು ಸಲ ಓದಿದ್ದಾಳೆ, ಮೂರನೆಯ ಸಲ ಬೇಸರಪಟ್ಟರೆ ಕ್ಷಮಿಸಿ. ಗುಂಪಿನಲ್ಲಿ ಮಾತನಾಡಲು ಸುಮಾರು ಹದಿನೈದು ದಿನ ತೆಗೆದುಕೊಳ್ಳುತ್ತಾಳೆ; ಕಾಯಿರಿ. ಕಬಡ್ಡಿ ಚೆನ್ನಾಗಿ ಆಡುತ್ತಾಳೆ. ಕನ್ನಡ ಓದಲು ಬರೆಯಲು ಬಲ್ಲಳು. ನಿಮ್ಮಲ್ಲಿ ಅದರ ಉಪಯೋಗ ಇರಲಾರದು, ಆದರೂ ನಿಮಗೆ ತಿಳಿದಿರಲಿ. ಹಿಂದಿ ಬರೆಯುವಾಗ ಈಚೆಗೆ ಅರ್ಧ ರ ಅನ್ನು ಒಮ್ಮೊಮ್ಮೆ ಅಕ್ಷರದ ತಲೆಯ ಮೇಲೆ ಹಾಕುವ ಬದಲು ಬಾಲಕ್ಕೆ ಹಾಕುತ್ತಾಳೆ. ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ಮೊದಲು ಏಕೆಂದು ಅವಳನ್ನೇ ಕೇಳಿ, ಹೇಳುತ್ತಾಳೆ.’